ಬಾಯಿಮಾತು ಕಾಗದಕ್ಕಿಳಿದಾಗ

ಶಿವಮೊಗ್ಗದಿಂದ ಸಾಗರದತ್ತ ಸಾಗುವ ಹೆದ್ದಾರಿಯಲ್ಲಿರುವ ಕುಂಸಿ ದೊಡ್ಡ ಊರೇನಲ್ಲ. ಆದರೂ ಸಂಜೆಯ ಹೊತ್ತು ಅಲ್ಲಿ ಬಸ್ಸಿಗಾಗಿ ಅರ್ಧ ಗಂಟೆ ನಿಂತು ಕಿವಿಗೊಟ್ಟವರಿಗೆ ಕನ್ನಡವು ಒಂದಲ್ಲ, ಹಲವು ಎಂಬುದು ಮನದಟ್ಟಾಗುತ್ತದೆ. ಸಾಗರದ ಕಡೆಯವರ ಮಾತಿನ ಧಾಟಿ ಬೇರೆ, ಶಿಕಾರಿಪುರದ ಕಡೆಯವರದು ಬೇರೆ. ತಾಂಡಾದಿಂದ ಬಂದ ಲಂಬಾಣಿ ತಾಯಿ ಮಗುವಿನೊಡನೆ ಆಡುವುದು ಒಂದು ಭಾಷೆ, ಕಂಡಕ್ಟರರೊಡನೆ ಇನ್ನೊಂದು. ನಮ್ಮ ಕೊಂಕಣಿ ಮನೆಗಳವರೂ ಹಾಗೆಯೇ. ಇಷ್ಟೂ ಜನರು ಏರುವ ಬಸ್ಸಿನೊಳಗೆ ಬರೆದಿರುವ ಕನ್ನಡ ಮಾತ್ರ ಅವರಾರ ಬಾಯಲ್ಲೂ ಇರುವುದಿಲ್ಲ. 'ಧೂಮಪಾನ ನಿಷೇಧಿಸಲಾಗಿದೆ' ಎಂದು ಯಾವ ಕಂಡಕ್ಟರರೂ ಗದರಿಸಿದ್ದನ್ನು ನಾನು ಕೇಳಿಲ್ಲ. 'ಬೀಡಿ ಆರ್ಸ್ರೀ' ಎನ್ನುತ್ತಾರೆ, ಬೀಡಿ ಆರುತ್ತದೆ.

ಆಡುವ ಭಾಷೆಗೂ ಬರೆಯುವ ಭಾಷೆಗೂ ಇರುವ ಈ ಅಂತರವನ್ನು ನಾವು ಸಾಮಾನ್ಯವಾಗಿ ಶುದ್ಧ-ಅಶುದ್ಧಗಳ ಅಂತರವೆಂದು ತಿಳಿಯುತ್ತೇವೆ. ಪುಸ್ತಕದ್ದು ಶುದ್ಧ, ನಾಲಗೆಯದು ಅದರ ಕೆಟ್ಟುಹೋದ ರೂಪ ಎಂಬುದು ಶಾಲೆಯಲ್ಲಿ ನಾವು ಕಲಿತ ಪಾಠ. ಇದು ಚರಿತ್ರೆಗೆ ಒಪ್ಪುವ ಮಾತಲ್ಲ. 10ನೇ ಶತಮಾನದ ಪಂಪನ ಕಾಲಕ್ಕೆ ಹಾಲು 'ಪಾಲ್' ಆಗಿತ್ತು, ಹುಲಿ 'ಪುಲಿ'ಯಾಗಿತ್ತು, ಹಣ್ಣು 'ಪಣ್' ಆಗಿತ್ತು. ಪಕಾರವನ್ನು ಸಡಿಲಿಸಿ ಹಕಾರ ಮಾಡಿದವರು ಪಂಡಿತರಲ್ಲ, ಮಾತನಾಡುವ ಜನ. ಆಗಿನ ಮಡಿವಂತರ ಕಿವಿಗೆ 'ಹಾಲು' ಎಷ್ಟು ಕಟುವಾಗಿ ಕೇಳಿಸಿತ್ತೋ! ಇಂದು ಅದೇ ಹಕಾರವನ್ನೂ ಬಿಟ್ಟು 'ಆಲು' ಎನ್ನುವ ಹಳೆ ಮೈಸೂರು ಸೀಮೆಯ ಹಳ್ಳಿಯ ಹುಡುಗನನ್ನು ನಾವು ನಗೆಗೀಡು ಮಾಡುತ್ತೇವೆ. ನಿನ್ನೆಯ 'ತಪ್ಪು' ಇಂದಿನ ಪಠ್ಯಪುಸ್ತಕದಲ್ಲಿದೆ. ಇಂದಿನ ತಪ್ಪಿಗೆ ಮಾತ್ರ ಕ್ಷಮೆಯಿಲ್ಲ.

ಕನ್ನಡದಲ್ಲಿ ನಮಗೆ ಉಳಿದು ಬಂದಿರುವ ಅತಿ ಹಳೆಯ ಗ್ರಂಥವಾದ 9ನೇ ಶತಮಾನದ 'ಕವಿರಾಜಮಾರ್ಗ'ವೇ ನಾಡಿನ ದೇಸಿ ನುಡಿಗಳು ಎಷ್ಟು ಬಗೆಯೆಂದರೆ ಸಾವಿರ ನಾಲಗೆಯ ವಾಸುಕಿಗೂ ಅವನ್ನೆಲ್ಲ ಅರಿಯಲು ಹೋದರೆ ಬೇಸರವಾದೀತು ಎನ್ನುತ್ತದೆ. ಮುಂದೆ 12ನೇ ಶತಮಾನದಲ್ಲಿ ವಚನಕಾರರು ಬರಹವನ್ನು ಆಡುಮಾತಿನ ಬಳಿಗೆ ಎಳೆತಂದರು. ಅವರಲ್ಲಿ ಅಲ್ಲಮಪ್ರಭು ಬಳ್ಳಿಗಾವಿಯವರು, ಅಕ್ಕಮಹಾದೇವಿ ಉಡುತಡಿಯವರು. ಎರಡೂ ನಮ್ಮ ಶಿಕಾರಿಪುರ ತಾಲ್ಲೂಕಿನ ಊರುಗಳು ಎಂಬುದನ್ನು ಈ ಜಿಲ್ಲೆಯ ನಾವು ಎಷ್ಟು ಬಾರಿ ನೆನೆಯುತ್ತೇವೆ?

ಇನ್ನು ಆಡುಮಾತಿಗೆ ವ್ಯಾಕರಣವಿಲ್ಲ ಎಂಬ ಆರೋಪ. 'ಹುಡುಗ' ಎಂಬುದು 'ಹುಡ್ಗ' ಆಗುತ್ತದೆ, 'ಕಾಗದ' ಎಂಬುದು 'ಕಾಗ್ದ' ಆಗುತ್ತದೆ. ಬೀಳುವುದು ಯಾವಾಗಲೂ ನಡುವಿನ ಸ್ವರ. 'ಹ್ಡುಗ' ಎಂದು ಮೊದಲನೆಯದನ್ನು ಬೀಳಿಸಿದವರನ್ನು ಯಾರೂ ಕಂಡಿಲ್ಲ. ಮೂರು ವರ್ಷದ ಕೂಸು 'ನಾನ್ ಹೋಗ್ತೀನಿ' ಎನ್ನುತ್ತದೆ, 'ನಾನ್ ಹೋಗ್ತಾನೆ' ಎಂದು ಎಡವಿದರೆ ತಾನೇ ತಿದ್ದಿಕೊಳ್ಳುತ್ತದೆ. ನಿಯಮ ಅದರ ನಾಲಗೆಯಲ್ಲಿದೆ, ಪುಸ್ತಕದಲ್ಲಿ ಅಚ್ಚಾಗಿಲ್ಲ ಅಷ್ಟೇ. ದೇವನೂರ ಮಹಾದೇವರು 1984ರಲ್ಲಿ ನಂಜನಗೂಡು ಸೀಮೆಯ ಆಡುನುಡಿಯಲ್ಲೇ 'ಕುಸುಮಬಾಲೆ'ಯನ್ನು ಹೊರತಂದರು. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಅಶುದ್ಧವೆಂದು ಬದಿಗೆ ತಳ್ಳಿದ ನುಡಿ ಒಂದು ಕಾದಂಬರಿಯ ಭಾರವನ್ನೇ ಹೊತ್ತಿತು.

ಹಾಗೆಂದು ಬರಹದ ಕನ್ನಡವನ್ನು ಹೀಗಳೆಯುವವನು ನಾನಲ್ಲ. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕುಲುಮೆ ಹೊತ್ತಿಕೊಂಡಾಗಿನಿಂದ ಆ ಊರಿಗೆ ತಮಿಳರು, ತೆಲುಗರು, ಮಲಯಾಳಿಗಳು, ಕರಾವಳಿಯ ಕೊಂಕಣಿಗರು ದುಡಿಮೆಯನ್ನರಸಿ ಬಂದರು. ಅವರೆಲ್ಲರ ಮಕ್ಕಳು ಒಂದೇ ಬೆಂಚಿನ ಮೇಲೆ ಕುಳಿತು ಕಲಿಯಲು ಯಾರ ಮನೆಯದೂ ಅಲ್ಲದ, ಆದುದರಿಂದಲೇ ಎಲ್ಲರದೂ ಆಗಬಲ್ಲ ಒಂದು ಕನ್ನಡ ಬೇಕಾಗಿತ್ತು. ಬೀದರಿನವರು ಬರೆದದ್ದನ್ನು ಚಾಮರಾಜನಗರದವರು ಓದುವುದು ಆ ಕನ್ನಡದಿಂದಲೇ. ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ನಮ್ಮ ಉಚ್ಚಾರಣೆಯಲ್ಲಿಲ್ಲದ ಮಹಾಪ್ರಾಣಗಳನ್ನು ಬರಹದಿಂದಲೂ ಕೈಬಿಡೋಣ ಎಂದು ವಾದಿಸಿದಾಗ ನಾಡಿನಲ್ಲಿ ಬಿಸಿಬಿಸಿ ಚರ್ಚೆಯಾಯಿತು. 'ಭತ್ತ'ವನ್ನು 'ಬತ್ತ' ಎಂದು ಬರೆದರೆ ಅನ್ನದ ರುಚಿಯೇನೂ ಕೆಡದು. ಆದರೆ ನನ್ನ ಚಿಂತೆ ಅಕ್ಷರಗಳದ್ದಲ್ಲ, ಅರ್ಥದ್ದು. ಅದು ಕೆಡುವುದು ಬೇರೆ ಕಡೆ.

ಪ್ಲೇಟೋ ತನ್ನ 'ಫೀಡ್ರಸ್' ಸಂವಾದದಲ್ಲಿ ಸಾಕ್ರಟೀಸನ ಬಾಯಿಂದ ಒಂದು ಸೂಕ್ಷ್ಮವನ್ನು ಹೇಳಿಸುತ್ತಾನೆ. ಬರಹವು ಚಿತ್ರಪಟದಂತೆ, ಜೀವಂತವಾಗಿ ನಿಂತಂತೆ ಕಾಣುತ್ತದೆ, ಪ್ರಶ್ನೆ ಕೇಳಿದರೆ ಮಾತ್ರ ಮೌನ. ನಮ್ಮ 'ಆಯ್ತು' ಎಂಬ ಪದವನ್ನೇ ನೋಡಿ. ಒಪ್ಪಿಗೆಯೂ ಆಯ್ತು, ಕೆಲಸ ಮುಗಿಯಿತೆಂಬುದೂ ಆಯ್ತು, ಇನ್ನು ಮಾತು ಸಾಕು ಎಂಬ ಸಿಟ್ಟೂ ಆಯ್ತು. ಬೇರ್ಪಡಿಸುವುದು ಧ್ವನಿ. ಹೆಣ್ಣು ಕೇಳಲು ಬಂದವರಿಗೆ ಮನೆಯ ಯಜಮಾನರು 'ನೋಡೋಣ' ಎಂದರೆ ಅದು ಹೆಚ್ಚಿನ ಪಾಲು 'ಬೇಡ' ಎಂದೇ. ಕಾಗದದ ಮೇಲಿನ 'ನೋಡೋಣ' ಮಾತ್ರ ಆಸೆ ಹುಟ್ಟಿಸುತ್ತದೆ.

ಮದುವೆಯ ಮಾತು ಹೇಗೋ ಸರಿಹೋಗುತ್ತದೆ. ಠಾಣೆ-ಕಚೇರಿಗಳ ವಿಷಯ ಹಾಗಲ್ಲ. ಒಬ್ಬ ಗದ್ದೆಯ ಆಳು ಹೇಳುತ್ತಾನೆನ್ನಿ: 'ಅವ್ನು ರಾತ್ರಿ ಗದ್ದೆ ಹತ್ರ ಬಂದಿದ್ನಂತೆ ಸಾರ್.' ಇಲ್ಲಿ 'ಅಂತೆ' ಎಂಬ ಎರಡಕ್ಷರವಿದೆ. ನಾನು ಕಂಡಿಲ್ಲ, ಕೇಳಿದ್ದೇನೆ ಎಂಬ ಎಚ್ಚರಿಕೆಯೆಲ್ಲ ಆ ಎರಡಕ್ಷರದಲ್ಲಿದೆ. ಬರೆಯುವವರು ಕಚೇರಿಯ ಕನ್ನಡಕ್ಕೆ ಇಳಿಸುತ್ತಾರೆ: 'ಸದರಿ ವ್ಯಕ್ತಿಯು ರಾತ್ರಿ ವೇಳೆ ಜಮೀನಿನ ಬಳಿ ಬಂದಿರುತ್ತಾನೆ.' 'ಅಂತೆ' ಹಾರಿಹೋಯಿತು, ಕೇಳಿದವನು ಕಂಡವನಾದ. ಇದಕ್ಕಿಂತ ವಿಚಿತ್ರ 'ಬಂದಿರುತ್ತಾನೆ' ಎಂಬುದರ ಗತಿ. ಆಡುಮಾತಿನಲ್ಲಿ 'ಬಂದಿರ್ತಾನೆ' ಎಂದರೆ ಊಹೆ, ಬಂದಿದ್ದರೂ ಇರಬಹುದು ಎಂದು. ಕಚೇರಿಯ ಕನ್ನಡದಲ್ಲಿ ಅದೇ ರೂಪಕ್ಕೆ ಬಂದದ್ದು ನಿಶ್ಚಯ ಎಂಬ ಅರ್ಥ. ಬರೆದದ್ದನ್ನು ಓದಿ ಹೇಳಿದಾಗ ಆ ಬಡವನು ಊಹೆಯೆಂದು ಕೇಳಿಸಿಕೊಂಡು ತಲೆಯಾಡಿಸುತ್ತಾನೆ, ಓದಿದವರು ನಿಶ್ಚಯವೆಂದು ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ. ಇಬ್ಬರೂ ಸುಳ್ಳಾಡಿಲ್ಲ. ಸಾಕ್ಷಿ ಹೇಳುವವನು ತಾನೇ ಕಂಡದ್ದನ್ನು, ಕೇಳಿದ್ದನ್ನು ಹೇಳಬೇಕೆಂದು 1872ರ ಸಾಕ್ಷ್ಯ ಕಾಯ್ದೆ ವಿಧಿಸಿತ್ತು; 2024ರ ಜುಲೈ 1ರಂದು ಅದರ ಸ್ಥಾನಕ್ಕೆ ಬಂದ ಹೊಸ ಕಾಯ್ದೆಯೂ ಅದನ್ನೇ ವಿಧಿಸುತ್ತದೆ. ಕಾನೂನು ಇಷ್ಟು ಜತನದಿಂದ ಕಾಯುವ ಭೇದವನ್ನು ನಮ್ಮ ಹಳ್ಳಿಗರ ಆಡುನುಡಿ ಎಂದೋ ಕಾದುಕೊಂಡು ಬಂದಿದೆ. ಕಳೆಯುವವರು ಅಕ್ಷರಸ್ಥರು.

ಧರ್ಮಸಭೆಗೂ ಈ ತೊಡಕು ಹೊಸದಲ್ಲ. ಸಂತ ಅಗಸ್ತೀನರು ಉತ್ತರ ಆಫ್ರಿಕದ ಹಿಪ್ಪೊ ನಗರದ ಧರ್ಮಾಧ್ಯಕ್ಷರಾಗಿದ್ದರು. ಅದಕ್ಕೆ ಮುನ್ನ ಅಲಂಕಾರಶಾಸ್ತ್ರದ ಅಧ್ಯಾಪಕರು. ಲತೀನಿನಲ್ಲಿ ಎಲುಬಿಗೂ 'ಓಸ್', ಬಾಯಿಗೂ 'ಓಸ್'. ಸ್ವರದ ಹ್ರಸ್ವ-ದೀರ್ಘಗಳಷ್ಟೇ ವ್ಯತ್ಯಾಸ. ಆಫ್ರಿಕದ ಜನರ ಕಿವಿಗೆ ಆ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಆದ್ದರಿಂದ ಎಲುಬಿಗೆ ಜನ ಆಡುತ್ತಿದ್ದ 'ಒಸ್ಸುಮ್' ಎಂಬ ಅಶುದ್ಧ ರೂಪವನ್ನೇ ಬೋಧಕನು ಬಳಸಲಿ, ವೈಯಾಕರಣರು ಬೈದರೆ ಬೈಯಲಿ, ಜನಕ್ಕೆ ತಿಳಿಯದಿರುವುದು ಅದಕ್ಕಿಂತ ಕೆಟ್ಟದ್ದು ಎಂಬುದು ಆ ಮಹಾಪಂಡಿತರ ನಿಲುವು. 813ರಲ್ಲಿ ಫ್ರಾನ್ಸಿನ ಟೂರ್ಸ್ ನಗರದಲ್ಲಿ ಸೇರಿದ ಸಭೆಯು ಪ್ರಬೋಧನೆಗಳನ್ನು ಹಳ್ಳಿಗರ ಆಡುಭಾಷೆಗೆ ತಿರುಗಿಸಿ ಹೇಳಬೇಕೆಂದು ಗುರುಗಳಿಗೆ ಆದೇಶಿಸಿತು. ಪೂಜಾವಿಧಿಯೇ ಜನರ ಭಾಷೆಗಳಿಗೆ ತೆರೆದುಕೊಳ್ಳಲು ಮಾತ್ರ 1963ರ ಡಿಸೆಂಬರಿನವರೆಗೆ, ಎರಡನೆಯ ವ್ಯಾಟಿಕನ್ ಮಹಾಸಭೆಯ ನಿರ್ಣಯದವರೆಗೆ ಕಾಯಬೇಕಾಯಿತು. ಅಂದಿನಿಂದ ನಾವು ಕನ್ನಡದಲ್ಲಿ ಪ್ರಾರ್ಥಿಸುತ್ತಿದ್ದೇವೆ, ನಿಜ. ಯಾರ ಕನ್ನಡದಲ್ಲಿ ಎಂಬ ಪ್ರಶ್ನೆಯನ್ನು ನನ್ನ ಸಹಗುರುಗಳ ಮುಂದೆಯೂ ಇಡುತ್ತೇನೆ.

ನಮ್ಮ ಹೆಸರುಗಳನ್ನೇ ತೆಗೆದುಕೊಳ್ಳಿ. ದೀಕ್ಷಾಸ್ನಾನದ ಹಳೆಯ ದಾಖಲೆ ಪುಸ್ತಕಗಳಲ್ಲಿ ಲತೀನಿನ 'ಯೊವಾನ್ನೆಸ್', ಶಾಲೆಯಲ್ಲಿ 'ಜಾನ್', ಮನೆಯಲ್ಲಿ 'ಜುವಾಂವ್'. ಮೂರೂ ಒಬ್ಬರೇ ಎಂದು ದೇವರಿಗೆ ಗೊತ್ತು. ಪಹಣಿಗೂ ಆಧಾರ್ ಚೀಟಿಗೂ ಗೊತ್ತಿಲ್ಲ. ಅದಕ್ಕೊಂದು ಪ್ರಮಾಣಪತ್ರ ಮಾಡಿಸಬೇಕು.

ಕಡೆಯದಾಗಿ ಆಸ್ತಿಪತ್ರಗಳ ಮಾತು. ಉಯಿಲು ಬರೆಯದೆ ತೀರಿಕೊಂಡ ಕ್ರೈಸ್ತನ ಸ್ವತ್ತಿನಲ್ಲಿ ಹೆಂಡತಿಗೆ ಮೂರರಲ್ಲೊಂದು ಭಾಗ, ಉಳಿದದ್ದು ಮಕ್ಕಳಿಗೆ ಸಮಪಾಲು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲಿ ಮಗ-ಮಗಳೆಂಬ ಭೇದವಿಲ್ಲ. ಆದರೆ ಅಪ್ಪ ತೀರಿಕೊಂಡ ಮೇಲೆ ಹೆಣ್ಣುಮಕ್ಕಳ ಮುಂದೆ ಬರುವ ಕಾಗದದಲ್ಲಿ ಹೀಗಿರುತ್ತದೆ: 'ಸದರಿ ಷೆಡ್ಯೂಲು ಸ್ವತ್ತಿನಲ್ಲಿ ನನಗಿರುವ ಸಕಲ ಹಕ್ಕು ಬಾಧ್ಯತೆಗಳನ್ನು ಖುಲಾಸೆ ಮಾಡಿಕೊಟ್ಟಿರುತ್ತೇನೆ.' ಹತ್ತನೆಯ ತರಗತಿ ಓದಿದ ಹೆಣ್ಣುಮಗಳಿಗೂ ಇದು ಯಾವುದೋ ವಿಧಿಯಂತೆ ಕೇಳಿಸುತ್ತದೆ, ಅಣ್ಣ ತೋರಿಸಿದ ಜಾಗದಲ್ಲಿ ರುಜು ಬೀಳುತ್ತದೆ. ತಿಳಿದು, ಮನಸಾರೆ ಬಿಟ್ಟುಕೊಡುವವರ ಮಾತು ಬೇರೆ. ತಿಳಿಯದವರು ಪತ್ರ ಬರೆದವರನ್ನು ಅಲ್ಲಿಯೇ ನಿಲ್ಲಿಸಿ, 'ಇದನ್ನ ಬಾಯ್ಮಾತಲ್ಲಿ ಹೇಳಿ ಸಾರ್' ಎಂದು ಕೇಳಬೇಕು. ಆಗ ಅವರು ಹೇಳಲೇಬೇಕಾದ ಮಾತು ಚಿಕ್ಕದು: 'ಅಪ್ಪನ ಜಮೀನಲ್ಲಿ ಇನ್ಮೇಲೆ ನಿಂಗೆ ಪಾಲಿಲ್ಲ ಕಣಮ್ಮ.'