ಮೋಡ ನೋಡುವವರಿಗೆ ದಾರಿ ಬಿಡುವ ವೈಫೈ

ಮುಂಗಾರಿನ ಒಂದು ಮಧ್ಯಾಹ್ನ ಸಿಂಧನೂರಿನ ಗಂಜ್ ಹತ್ತಿರದ ಗೊಬ್ಬರದ ಅಂಗಡಿಯಲ್ಲಿ ಕುಳಿತಿದ್ದೆ. ಮೊಬೈಲ್‌ನಲ್ಲಿ ದುಡ್ಡು ಹಾಕುತ್ತಿದ್ದ ರೈತರೊಬ್ಬರು ತಲೆಯೆತ್ತಿ, ‘ನೆಟ್ ಹೋತಲ್ರೀ ಸಾವ್ಕಾರ್ರ’ ಅಂದರು. ‘ಒಂದ್ ನಿಮಿಷ ತಡೀರಿ ಯಜಮಾನ್ರ, ತಾನ ಬರ್ತದ’ ಎಂದು ಅಂಗಡಿಯವರು ಚೀಲ ಎಣಿಸುತ್ತಲೇ ಹೇಳಿದರು. ನಿಜಕ್ಕೂ ನಿಮಿಷದೊಳಗೆ ಬಂತು. ಕುತೂಹಲಕ್ಕೆ ಅವರ ಅನುಮತಿ ಪಡೆದು ವೈಫೈ ಪೆಟ್ಟಿಗೆಯ ಲಾಗ್ ತೆಗೆದು ನೋಡಿದೆ. ಅಲ್ಲಿದ್ದ ಒಂದು ಸಾಲಿನ ಅರ್ಥ ಇಷ್ಟು: ರೇಡಾರ್ ಕಂಡಿದೆ, ಚಾನೆಲ್ ಬಿಟ್ಟುಕೊಡಲಾಗಿದೆ.

ವಿಮಾನ ನಿಲ್ದಾಣವೇ ಇಲ್ಲದ ಭತ್ತದ ಊರಿನಲ್ಲಿ ರೇಡಾರ್ ಎಲ್ಲಿಂದ ಬಂತು? ಅದನ್ನು ಕಂಡರೆ ಅಂಗಡಿಯ ವೈಫೈ ಯಾಕೆ ಬಾಯಿ ಮುಚ್ಚಬೇಕು? ಉತ್ತರ ಹುಡುಕುತ್ತ ಹೋದರೆ ಒಂದು ವಿಮಾನ ದುರಂತದ ಬಾಗಿಲಿಗೆ ಬಂದು ನಿಲ್ಲುತ್ತೇವೆ.

1985ರ ಆಗಸ್ಟ್ 2ರಂದು ಅಮೆರಿಕದ ಡಲ್ಲಾಸ್–ಫೋರ್ಟ್‌ವರ್ತ್ ನಿಲ್ದಾಣದಲ್ಲಿ ಇಳಿಯುತ್ತಿದ್ದ ಡೆಲ್ಟಾ 191 ವಿಮಾನ ಗುಡುಗು ಮೋಡದ ಕೆಳಗೆ ಸಿಕ್ಕಿ ನೆಲಕ್ಕಪ್ಪಳಿಸಿತು. 137 ಜನ ಸತ್ತರು. ಮೋಡದಿಂದ ಒಮ್ಮೆಲೇ ಕೆಳಗೆ ಧುಮುಕಿ ನೆಲದ ಮೇಲೆ ಹರಡುವ ಗಾಳಿಯ ಹೊಡೆತ ಅದು. ಇಂಥ ಗಾಳಿಯನ್ನು ಗುರುತಿಸಿ ‘ಮೈಕ್ರೋಬರ್ಸ್ಟ್’ ಎಂದು ಹೆಸರಿಟ್ಟವರು ಜಪಾನ್ ಮೂಲದ ವಿಜ್ಞಾನಿ ಟೆಟ್ಸುಯಾ ಫುಜಿಟಾ. ಅದನ್ನು ಮೊದಲೇ ಕಾಣಲು 1990ರ ದಶಕದಲ್ಲಿ ಅಮೆರಿಕದ ದೊಡ್ಡ ನಿಲ್ದಾಣಗಳ ಬಳಿ ವಿಶೇಷ ಡಾಪ್ಲರ್ ರೇಡಾರ್‌ಗಳು ನಿಂತವು. ಅವು ಕೆಲಸ ಮಾಡುವುದು 5600ರಿಂದ 5650 ಮೆಗಾಹರ್ಟ್ಸ್ ನಡುವೆ. ಅಲ್ಲಿ ಅಲೆಯ ಉದ್ದ ಐದು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು. ಮೂರು ಸೆಂಟಿಮೀಟರಿನ ಅಲೆ ಜೋರು ಮಳೆಯಲ್ಲಿ ಬೇಗ ಸೊರಗುತ್ತದೆ, ಹತ್ತು ಸೆಂಟಿಮೀಟರಿನದಕ್ಕೆ ಭಾರೀ ತಟ್ಟೆ ಬೇಕು. ಹೀಗಾಗಿ ಜಗತ್ತಿನ ಅನೇಕ ಹವಾಮಾನ ಇಲಾಖೆಗಳಿಗೆ ಮಳೆ ಅಳೆಯಲು ಈ ಐದು ಸೆಂಟಿಮೀಟರಿನ ಆಸುಪಾಸು ಅನುಕೂಲವಾಯಿತು.

ವೈಫೈಗೂ ಅದೇ ಜಾಗ ಬೇಕಾಯಿತು. 2.4 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೊಂದು ತಾಗದ ಚಾನೆಲ್‌ಗಳು ಮೂರೇ ಮೂರು. 2003ರಲ್ಲಿ ಜಿನೀವಾದಲ್ಲಿ ನಡೆದ ವಿಶ್ವ ರೇಡಿಯೊ ಸಮ್ಮೇಳನ 5 ಗಿಗಾಹರ್ಟ್ಸ್‌ನ ದೊಡ್ಡ ಪಾಲನ್ನು ವೈಫೈಗೆ ತೆರೆಯಿತು. ಆದರೆ ಮೊದಲಿನಿಂದ ಇದ್ದ ರೇಡಾರ್ ಯಜಮಾನ, ವೈಫೈ ಬಂದ ಅತಿಥಿ. ಯಜಮಾನನ ದನಿ ಕೇಳಿದ ಕೂಡಲೇ ಅತಿಥಿ ಎದ್ದು ಹೋಗಬೇಕು. ಈ ಕಟ್ಟಳೆಗೆ ಬಿದ್ದ ಹೆಸರು ಡಿಎಫ್‌ಎಸ್. 52ರಿಂದ 64, 100ರಿಂದ 140ರವರೆಗಿನ ಹದಿನೈದು ಚಾನೆಲ್‌ಗಳು ಇದರ ವ್ಯಾಪ್ತಿಯಲ್ಲಿವೆ.

ಭಾರತದಲ್ಲಿ 2.4 ಗಿಗಾಹರ್ಟ್ಸ್ ಪರವಾನಗಿಯಿಂದ ಮುಕ್ತವಾದದ್ದು 2005ರಲ್ಲಿ. 2018ರ ಅಕ್ಟೋಬರ್‌ನಲ್ಲಿ 5 ಗಿಗಾಹರ್ಟ್ಸ್‌ನ ಒಟ್ಟು 605 ಮೆಗಾಹರ್ಟ್ಸ್ ಮುಕ್ತವಾಯಿತು. ಆ ವೇಳೆಗೆ ಪೇಟೆಗೆ ಬರುತ್ತಿದ್ದ ಪೆಟ್ಟಿಗೆಗಳೊಳಗೆ ಡಿಎಫ್‌ಎಸ್ ಮೊದಲೇ ಕೂತಿತ್ತು.

ಅದು ನಡೆಯುವ ಬಗೆ ನೀರಾವರಿ ಕಂಡವರಿಗೆ ಸುಲಭವಾಗಿ ತಿಳಿಯುತ್ತದೆ. ಸಿಂಧನೂರು ತುಂಗಭದ್ರಾ ಎಡದಂಡೆ ಕಾಲುವೆಯ ಊರು. ಒಂದು ಉಪಕಾಲುವೆಯ ನೀರನ್ನು ಹತ್ತಾರು ಹೊಲದವರು ಪಾಳಿ ಮೇಲೆ ಹಂಚಿಕೊಳ್ಳುವಂತೆ, ಒಂದೇ ಚಾನೆಲ್ ಹಿಡಿದ ಅಕ್ಕಪಕ್ಕದ ವೈಫೈ ಪೆಟ್ಟಿಗೆಗಳು ಮೊದಲು ಕಿವಿಗೊಟ್ಟು, ಯಾರೂ ಮಾತಾಡುತ್ತಿಲ್ಲ ಎಂದಾದ ಮೇಲೆ ಮಾತಾಡುತ್ತವೆ. ಡಿಎಫ್‌ಎಸ್ ಚಾನೆಲ್ ಆದರೆ ಕಟ್ಟಳೆ ಇನ್ನೂ ಬಿಗಿ. ಒಳಗೆ ಕಾಲಿಡುವ ಮೊದಲೇ ಅರವತ್ತು ಸೆಕೆಂಡು ಸುಮ್ಮನೆ ಆಲಿಸಬೇಕು. ಯುರೋಪಿನಲ್ಲಿ ಹವಾಮಾನ ರೇಡಾರ್‌ನ ಪಟ್ಟಿಗೆ ಹತ್ತು ನಿಮಿಷ. ನಡುವೆ ರೇಡಾರ್ ಮಿಡಿತ ಕೇಳಿದರೆ ಹತ್ತು ಸೆಕೆಂಡಿನೊಳಗೆ ಜಾಗ ಬಿಡಬೇಕು, ಮತ್ತೆ ಅರ್ಧ ಗಂಟೆ ಅತ್ತ ಸುಳಿಯಬಾರದು.

ತೊಂದರೆ ಶುರುವಾಗುವುದು ಆಮೇಲೆ. ವೇಗಕ್ಕಾಗಿ ಇಂದಿನ ಪೆಟ್ಟಿಗೆಗಳು ನಾಲ್ಕು ಚಾನೆಲ್‌ಗಳನ್ನು ಜೋಡಿಸಿ 80 ಮೆಗಾಹರ್ಟ್ಸ್ ಅಗಲ ಹಿಡಿಯುತ್ತವೆ. ಅದರಲ್ಲಿ ಒಂದಕ್ಕೆ ರೇಡಾರ್ ತಾಗಿದರೂ ಸಾಮಾನ್ಯವಾಗಿ ನಾಲ್ಕನ್ನೂ ಬಿಡುತ್ತವೆ. ರೇಡಾರ್‌ನ ಹಂಗಿಲ್ಲದ ಅಷ್ಟಗಲದ ಜಾಗ ಎರಡೇ: 36ರಿಂದ 48, 149ರಿಂದ 161. ಎಬ್ಬಿಸಲ್ಪಟ್ಟವರೆಲ್ಲ ಅಲ್ಲಿಗೇ ನುಗ್ಗುವುದರಿಂದ ಮೊದಲಿನಿಂದ ಅಲ್ಲಿದ್ದವರ ಪಾಳಿಯೂ ತಡವಾಗುತ್ತದೆ. ಅಂದರೆ ಇದೇ ಸೀಮೆಯ ಲಿಂಗಸುಗೂರಿನ ಪೇಟೆಯಲ್ಲಿ ಒಂದು ಪೆಟ್ಟಿಗೆ ಜಾಗ ಬಿಟ್ಟರೆ, ರೇಡಾರ್ ಸುದ್ದಿಯೇ ಇಲ್ಲದ ಪಕ್ಕದ ಅಂಗಡಿಯ ನೆಟ್ ಕೂಡ ನಿಧಾನವಾಗಬಹುದು. ‘ಇಂಥ ಚಾನೆಲ್‌ಗೆ ಹೋಗುತ್ತಿದ್ದೇನೆ’ ಎಂದು ಪೆಟ್ಟಿಗೆ ಹೊರಡುವ ಮುನ್ನ ಸಾರುತ್ತದೆ. ಆ ಸಾರಿಕೆ ತಪ್ಪಿಸಿಕೊಂಡ ಮೊಬೈಲ್ ಒಂದೊಂದೇ ಚಾನೆಲ್ ಹುಡುಕುತ್ತ ಕೂರುತ್ತದೆ.

ಹಾಗಾದರೆ ಗಂಜ್ ಹತ್ತಿರ ಕಂಡ ರೇಡಾರ್ ನಿಜವೇ? ಬಹುಶಃ ಅಲ್ಲ. ರೇಡಾರ್ ಮಿಡಿತ ಎಂದರೆ ಸೆಕೆಂಡಿನ ಹತ್ತು ಲಕ್ಷದಲ್ಲಿ ಕೆಲವೇ ಪಾಲಿನಷ್ಟು ಹೊತ್ತಿನ ಸದ್ದು, ಸಮ ಅಂತರದಲ್ಲಿ ಮರುಕಳಿಸುವಂಥದ್ದು. ಡಿಕ್ಕಿಯಾಗಿ ಚೂರಾದ ನೆರೆಯ ವೈಫೈ ಸಂಕೇತವೂ, ಒಂದೇ ಮಾಳಿಗೆಯ ಮೇಲೆ ಒತ್ತೊತ್ತಾಗಿ ಕಟ್ಟಿದ, ಇಂಟರ್‌ನೆಟ್ ಹಂಚುವ ಡಿಶ್‌ಗಳ ಅಬ್ಬರವೂ ಪೆಟ್ಟಿಗೆಯ ಕಿವಿಗೆ ಹಾಗೆಯೇ ಕೇಳಬಹುದು. ಅನುಮಾನ ಬಂದರೂ ಜಾಗ ಬಿಡು ಎನ್ನುವುದೇ ನಿಯಮ. ಹುಸಿ ಎಚ್ಚರಿಕೆ ಪದೇ ಪದೇ ಬಂದರೆ ಚಾನೆಲ್ಲನ್ನು 36ಕ್ಕೋ 149ಕ್ಕೋ ನಿಲ್ಲಿಸಿ, ಅಗಲವನ್ನು 40ಕ್ಕೆ ಇಳಿಸಿದರೆ ಸಾಕು. ವೇಗ ತುಸು ಕಡಿಮೆಯಾದರೂ ನೆಟ್ ನಿಲ್ಲುವುದಿಲ್ಲ.

ಕೆಲವರು ಹಿಡಿಯುವ ದಾರಿ ಬೇರೆ. ಸೆಟ್ಟಿಂಗಿನಲ್ಲಿ ದೇಶವನ್ನೇ ಬದಲಿಸಿ ಡಿಎಫ್‌ಎಸ್ ಬಂದ್ ಮಾಡಿಬಿಡುತ್ತಾರೆ. ಇದರ ಫಲ ಏನೆಂದು ಜಗತ್ತು ಆಗಲೇ ಕಂಡಿದೆ. 2009ರಲ್ಲಿ ಪೋರ್ಟೊರಿಕೊದ ಸಾನ್ ಹ್ವಾನ್ ವಿಮಾನ ನಿಲ್ದಾಣದ ಹವಾಮಾನ ರೇಡಾರ್‌ಗೆ ಅಡ್ಡಿಯಾಗುತ್ತಿದ್ದದ್ದು ಇಂಟರ್‌ನೆಟ್ ಹಂಚಲು ಎತ್ತರದಲ್ಲಿ ಕಟ್ಟಿದ 5 ಗಿಗಾಹರ್ಟ್ಸ್ ರೇಡಿಯೊಗಳು ಎಂದು ತಿಳಿಯಿತು. ಇಂಥ ಅಡ್ಡಿಯಾದಾಗ ರೇಡಾರ್ ಪರದೆಯ ಮೇಲೆ ಕೇಂದ್ರದಿಂದ ಅಂಚಿನವರೆಗೆ ಚಕ್ರದ ಅರದಂತೆ ಗೆರೆ ಬೀಳುತ್ತದೆ. ಆ ಗೆರೆಯ ಹಿಂದೆ ಮೋಡ ಇದ್ದರೂ ಕಾಣಿಸುವುದಿಲ್ಲ.

ರೇಡಾರ್‌ನಲ್ಲಿ ಮೋಡ ನೋಡುವುದು ದೂರದ ದೇಶದ ಮಾತಾಗಿ ಉಳಿದಿಲ್ಲ. 2017ರಲ್ಲಿ ರಾಜ್ಯ ಸರ್ಕಾರ ‘ವರ್ಷಧಾರೆ’ ಮೋಡಬಿತ್ತನೆ ಕೈಗೊಂಡಾಗ ಮೋಡ ಗುರುತಿಸಲು ರೇಡಾರ್ ನಿಲ್ಲಿಸಿದ್ದು ಮೂರು ಕಡೆ: ಬೆಂಗಳೂರು, ಗದಗ ಮತ್ತು ಸುರಪುರ. ಕೃಷ್ಣೆಯ ಆಚೆ ದಡದ ಸುರಪುರ ಲಿಂಗಸುಗೂರಿನಿಂದ ನೇರ ಗೆರೆಯಲ್ಲಿ ಸುಮಾರು ಐವತ್ತು ಕಿಲೋಮೀಟರ್. ಬರದ ಈ ಸೀಮೆ ತನ್ನ ಮೋಡವನ್ನು ರೇಡಾರ್‌ನಲ್ಲಿ ಹುಡುಕಿದ ವರ್ಷ ಅದು.

ಸಿಂಧನೂರಿಗೆ ಕಾಲುವೆ ಇದೆ. ಪಕ್ಕದ ಮಸ್ಕಿಯ ಎಷ್ಟೋ ಹಳ್ಳಿಗಳಿಗೆ ಇಲ್ಲ. 5ಎ ಕಾಲುವೆಗಾಗಿ ಅಲ್ಲಿನ ರೈತರು ದೀರ್ಘ ಹೋರಾಟ ಮಾಡಿದ್ದು ಅದಕ್ಕೇ. ಅವರ ತೊಗರಿ, ಸಜ್ಜೆಗೆ ಮೋಡವೇ ಆಧಾರ. ಬಿತ್ತಲೋ ಬೇಡವೋ ಎಂದು ರಾಜ್ಯದ ‘ವರುಣ ಮಿತ್ರ’ ಸಹಾಯವಾಣಿಗೆ ಕರೆ ಮಾಡಿ ಕೇಳುವ ರೈತರು ಇಂಥ ಊರುಗಳಲ್ಲೇ ಇದ್ದಾರೆ. ಮೋಡವನ್ನು ಮುಂಚಿತವಾಗಿ ಕಾಣುವ ಕಣ್ಣು ಎಷ್ಟು ನಿಚ್ಚಳವಾಗಿದ್ದರೆ ಅಂಥ ಪ್ರಶ್ನೆಗೆ ಸಿಗುವ ಉತ್ತರವೂ ಅಷ್ಟು ನಂಬಿಕೆಯದು.

ಕಾಲುವೆಯ ಮೇಲ್ಭಾಗದವನು ರಾತ್ರಿ ಕದ್ದು ತೂಬು ಎತ್ತಿದರೆ ಕೊನೆ ಭಾಗದವನ ಗದ್ದೆ ಒಣಗುತ್ತದೆ. ಎತ್ತಿದವನಿಗೆ ಆ ಗದ್ದೆ ಕಾಣುವುದೂ ಇಲ್ಲ. ಡಿಎಫ್‌ಎಸ್ ಬಂದ್ ಮಾಡುವ ಕೈಯೂ ಅಂಥದ್ದೇ. ಆ ದಿನ ಗೊಬ್ಬರದ ಅಂಗಡಿಯವರಿಗೆ ಇಷ್ಟನ್ನೂ ವಿವರಿಸಿ, ಚಾನೆಲ್ 36ಕ್ಕೆ ನಿಲ್ಲಿಸಿಕೊಟ್ಟೆ. ಅವರು ಸ್ವಲ್ಪ ಹೊತ್ತು ಹೊರಗೆ ಮೋಡ ನೋಡಿದರು. ‘ಮಳಿ ನೋಡೋರ ಸಲುವಾಗಿ ಅಂದ್ರ, ಒಂದ್ ನಿಮಿಷ ನಿಂತ್ರ ಏನಾತ್ರೀ’ ಅಂದರು.