ಬಾಗಿಲ ಮೇಲಿನ ದೇಶ, ಬೆನ್ನ ಮೇಲಿನ ಊರು: ಫ್ರಿಜ್ ಬಗೆಗಿನ ನಂಬಿಕೆ ಮತ್ತು ನಿಜ

ಮಾರ್ಚ್ ಅರ್ಧ ಕಳೆಯಿತೆಂದರೆ ಬಾಗಲಕೋಟೆ ಜಿಲ್ಲೆಯಲ್ಲಿ ಎರಡು ವ್ಯಾಪಾರ ಚುರುಕಾಗುತ್ತವೆ. ಒಂದು ಕುಂಬಾರರ ಹರವಿ, ಗಡಿಗೆಗಳದು. ಇನ್ನೊಂದು ಫ್ರಿಜ್ಜಿನದು. ಗಡಿಗೆಯನ್ನು ಬೆರಳಿನಿಂದ ಬಡಿದು, ಸಪ್ಪಳ ಕೇಳಿ ಕೊಳ್ಳುವ ಜನವೇ ಫ್ರಿಜ್ ಮುಂದೆ ನಿಂತಾಗ ಕೇಳುವುದು ಬೇರೆ: "ಇದು ಯಾವ ದೇಶದ್ದರಿ?" ಬಾಗಲಕೋಟೆ ನವನಗರದ ಶೋರೂಮಾಗಲಿ, ಇಳಕಲ್ ಪೇಟೆಯ ಸಣ್ಣ ಅಂಗಡಿಯಾಗಲಿ, ಉತ್ತರವೂ ತಯಾರಾಗಿಯೇ ಇರುತ್ತದೆ. "ಇದು ಕೊರಿಯಾದ್ದು, ಇದು ಅಮೆರಿಕಾದ್ದು, ಅದು ಚೈನಾದ್ದು, ಈ ಕಡೀದು ನಮ್ಮದ ಐತಿ ನೋಡ್ರಿ." ಚೌಕಾಸಿ ಶುರುವಾಗುವುದು ಅದಾದ ಮೇಲೆ.

ಅಂಗಡಿಯವರು ಸುಳ್ಳು ಹೇಳುತ್ತಿಲ್ಲ. ಅವರು ಹೇಳುತ್ತಿರುವುದು ಬಾಗಿಲ ಮೇಲಿನ ಹೆಸರಿನ ದೇಶ. ಪೆಟ್ಟಿಗೆ ತಯಾರಾದ ಊರು ಹಿಂಬದಿಯ ಚೀಟಿಯಲ್ಲಿರುತ್ತದೆ, ಅದನ್ನು ಓದುವವರು ಕಡಿಮೆ.

"ಕೊರಿಯಾ ಕಂಪನಿ ಅಂದ್ರ ಕೊರಿಯಾದಾಗ ಮಾಡಿದ್ದು"

ಅಷ್ಟವಿನಾಯಕ ಯಾತ್ರೆಗೆ ಹೋಗಿಬಂದವರಿಗೆ ಪುಣೆ ಹತ್ತಿರದ ರಂಜನಗಾಂವ್ ಗೊತ್ತು. ಮಹಾಗಣಪತಿ ಗುಡಿಯಿರುವ ಆ ಊರಿನ ಕೈಗಾರಿಕಾ ಪ್ರದೇಶದಲ್ಲಿ ಕೊರಿಯಾದ ಎಲ್‌ಜಿ, ಅಮೆರಿಕದ ವರ್ಲ್‌ಪೂಲ್, ಚೀನಾದ ಹಾಯರ್ ಮೂರರ ಕಾರ್ಖಾನೆಗಳೂ ಇವೆ. ಗೋದ್ರೇಜ್ ಫ್ರಿಜ್ ತಯಾರಾಗುವ ಶಿರವಳ ಇರುವುದು ಪುಣೆ–ಸಾತಾರಾ ಹೆದ್ದಾರಿಯ ಮೇಲೆ. ಸ್ಯಾಮ್‌ಸಂಗ್ ಕಾರ್ಖಾನೆಗಳು ನೋಯ್ಡಾದಲ್ಲಿ ಮತ್ತು ಚೆನ್ನೈ ಬಳಿಯ ಶ್ರೀಪೆರಂಬದೂರಿನಲ್ಲಿವೆ. ಟಾಟಾದವರು ತುರ್ಕಿಯ ಆರ್ಚೆಲಿಕ್ ಜೊತೆ ಸೇರಿ ನಡೆಸುವ ವೋಲ್ಟಾಸ್ ಬೇಕೋ ಕಾರ್ಖಾನೆ ಗುಜರಾತಿನ ಸಾಣಂದದಲ್ಲಿ 2020ರಲ್ಲಿ ಶುರುವಾಯಿತು. ಹುನಗುಂದದ ಮನೆಗೆ ಬರುವ ಒಂದು ಬಾಗಿಲಿನ ಸಾದಾ ಫ್ರಿಜ್, ಯಾವ ಕಂಪನಿಯದಾದರೂ, ಸಾಮಾನ್ಯವಾಗಿ ಸಮುದ್ರ ಕಂಡಿರುವುದಿಲ್ಲ. ಅದು ಲಾರಿಯಲ್ಲೇ ಬಂದದ್ದು.

ಹೀಗೇಕೆ ಎಂಬುದನ್ನು ಇಳಕಲ್‌ನವರಿಗೆ ತಿಳಿಸುವುದು ಸುಲಭ, ಕಲ್ಲಿನ ಲೆಕ್ಕ ಅವರಿಗೆ ಹೊಸದಲ್ಲ. ಇಳಕಲ್ಲಿನ ಕೆಂಪು ಗ್ರಾನೈಟ್ ದೇಶ ಬಿಟ್ಟು ಹೊರಗೆ ಹೋಗುವ ಸರಕು. ಒಂದು ಘನ ಮೀಟರ್ ಗ್ರಾನೈಟ್ ಎಂದರೆ ಹೆಚ್ಚುಕಡಿಮೆ 2.7 ಟನ್. ಇಪ್ಪತ್ತು ಅಡಿಯ ಕಂಟೇನರಿನೊಳಗೆ 33 ಘನ ಮೀಟರ್ ಜಾಗವಿದ್ದರೂ ಹತ್ತು ಘನ ಮೀಟರ್ ಕಲ್ಲು ಇಡುವಷ್ಟರಲ್ಲೇ ತೂಕದ ಮಿತಿ ಮುಗಿಯುತ್ತದೆ, ಮೂರರಲ್ಲಿ ಎರಡು ಪಾಲು ಜಾಗ ಖಾಲಿ. ಅದೇ ಕಂಟೇನರಿಗೆ ಸಣ್ಣ ಫ್ರಿಜ್ ತುಂಬಿ ನೋಡಿ. ರಟ್ಟು, ಥರ್ಮಕೋಲ್ ಸಮೇತ ಒಂದೊಂದಕ್ಕೆ ಅರ್ಧ ಘನ ಮೀಟರ್ ಬೇಕು. ಅರವತ್ತರ ಆಸುಪಾಸು ಇಡುವಷ್ಟರಲ್ಲಿ ಬಾಗಿಲು ಹಾಕಬೇಕು. ಒಂದೊಂದು ನಲವತ್ತು ಕಿಲೋ ಎಂದು ಹಿಡಿದರೂ ಒಟ್ಟು ಎರಡೂವರೆ ಟನ್ ಆದೀತು. ಕಲ್ಲು ಸಾಗಿಸುವವನು ತೂಕಕ್ಕೆ ದುಡ್ಡು ಕೊಡುತ್ತಾನೆ. ಫ್ರಿಜ್ ಸಾಗಿಸುವವನು ಕೊಡುವುದು ಬಹುಪಾಲು ಗಾಳಿಗೆ.

ಆದ್ದರಿಂದಲೇ ಜಗತ್ತಿನ ಎಷ್ಟೋ ಕಡೆ ಫ್ರಿಜ್ ಕಾರ್ಖಾನೆಗಳು ಮಾರುಕಟ್ಟೆಯ ಬಗಲಲ್ಲೇ ಇವೆ. ಅಮೆರಿಕಕ್ಕೆ ಮೆಕ್ಸಿಕೊ ಕಳಿಸುತ್ತದೆ, ಯುರೋಪಿಗೆ ತುರ್ಕಿ. ಈ ನಿಯಮಕ್ಕೆ ದೊಡ್ಡ ಅಪವಾದ ಚೀನಾ. ಅಲ್ಲಿ ತಯಾರಾಗುವ ಪ್ರಮಾಣವೇ ಎಷ್ಟು ದೊಡ್ಡದೆಂದರೆ, ಗಾಳಿ ಸಾಗಿಸಿದ ಖರ್ಚು ಕಳೆದರೂ ಅವರಿಗೆ ಗಿಟ್ಟುತ್ತದೆ. ಫ್ರಿಜ್ ರಫ್ತಿನಲ್ಲಿ ಜಗತ್ತಿಗೇ ಮೊದಲ ಸ್ಥಾನ ಅವರದು.

ಇನ್ನು ಹೆಸರುಗಳ ಕಥೆ. ಕೆಲ್ವಿನೇಟರ್ ಹುಟ್ಟಿದ್ದು 1914ರಲ್ಲಿ, ಅಮೆರಿಕದ ಡೆಟ್ರಾಯಿಟ್‌ನಲ್ಲಿ. ಆಮೇಲೆ ಅದು ಸ್ವೀಡನ್ನಿನ ಎಲೆಕ್ಟ್ರೋಲಕ್ಸ್ ಪಾಲಾಯಿತು. ನಮ್ಮಲ್ಲಿ ಕೆಲ್ವಿನೇಟರ್ ಫ್ರಿಜ್ ಮಾಡುತ್ತಿದ್ದ ಫರೀದಾಬಾದಿನ ಕಂಪನಿಯನ್ನು 1995ರಲ್ಲಿ ವರ್ಲ್‌ಪೂಲ್ ಕೊಂಡಿತು. ಕಾರ್ಖಾನೆ ಒಬ್ಬರ ಕೈಗೆ ಹೋಯಿತು, ಹೆಸರು ಇನ್ನೊಬ್ಬರ ಬಳಿಯೇ ಉಳಿಯಿತು. 2025ರಲ್ಲಿ ಆ ಹೆಸರನ್ನು ಕೊಂಡದ್ದು ನಮ್ಮ ರಿಲಯನ್ಸ್. ನಲವತ್ತು ವರ್ಷದ ಹಿಂದೆ ಮನೆಗೆ ಕೆಲ್ವಿನೇಟರ್ ತಂದವರಿಗೆ ಅದು ಯಾವ ದೇಶದ್ದೆಂದು ಈಗ ಹೇಳುವುದು ಹೇಗೆ? ಅಮೆರಿಕದ ಜಿಇ ಹೆಸರಿನ ಗೃಹೋಪಕರಣ ವ್ಯವಹಾರ 2016ರಿಂದ ಚೀನಾದ ಹಾಯರ್ ಕೈಯಲ್ಲಿದೆ. 1958ರಲ್ಲಿ ಗೋದ್ರೇಜ್ ಭಾರತದಲ್ಲಿ ಫ್ರಿಜ್ ಮಾಡಲು ಶುರು ಮಾಡಿದಾಗ ತಂತ್ರಜ್ಞಾನದ ನೆರವು ಕೊಟ್ಟದ್ದು ಇದೇ ಜಿಇ.

"ಹಂಗಾರ ಎಲ್ಲಾ ಸ್ವದೇಶಿನ ಆತಲ್ರಿ"

ಹಾಗೂ ಅಲ್ಲ. ಫ್ರಿಜ್ಜನ್ನು ಗೋಡೆಯಿಂದ ಸರಿಸಿ ಹಿಂದೆ, ಕೆಳಗೆ ನೋಡಿದರೆ ಕಪ್ಪು ಗಡಿಗೆಯಂಥದೊಂದು ಕಾಣುತ್ತದೆ. ಅದು ಕಂಪ್ರೆಸರ್. ಗಾತ್ರ ಸಣ್ಣದು, ತೂಕ ಜಾಸ್ತಿ, ಬೆಲೆಯೂ ಜಾಸ್ತಿ. ಅಂದರೆ ಇದು ಕಲ್ಲಿನ ಜಾತಿಯ ಸರಕು, ಹಡಗಿನಲ್ಲಿ ಸಲೀಸಾಗಿ ಬರುತ್ತದೆ. ಹೈದರಾಬಾದಿನಲ್ಲಿ ಟೆಕಮ್ಸೆ ಕಂಪ್ರೆಸರ್ ಮಾಡುತ್ತದೆ. ಕೆಲವು ಫ್ರಿಜ್ ಕಂಪನಿಗಳು ತಾವೇ ಮಾಡಿಕೊಳ್ಳುತ್ತವೆ. ಉಳಿದವು ಚೀನಾ ಮತ್ತಿತರ ಕಡೆಯಿಂದ ತರಿಸುತ್ತವೆ. ಈ ಲೋಕದಲ್ಲಿ ಹೆಸರುವಾಸಿಯಾದ ಎಂಬ್ರಾಕೊ ಬ್ರೆಜಿಲ್ಲಿನ ಜಾಯಿನ್‌ವಿಲಿ ಊರಿನದು.

ಸರ್ಕಾರಕ್ಕೂ ಇದು ಗೊತ್ತಿದೆ. ಕಂಪ್ರೆಸರ್ ಮೇಲಿನ ಆಮದು ಸುಂಕ 2018ರಲ್ಲಿ ಶೇ 7.5ರಿಂದ 10ಕ್ಕೆ, 2020ರಲ್ಲಿ 12.5ಕ್ಕೆ, 2021ರಲ್ಲಿ 15ಕ್ಕೆ ಏರಿದ್ದು ಇಲ್ಲೇ ತಯಾರಾಗಲಿ ಎಂಬ ಲೆಕ್ಕದಿಂದ. ಆದರೆ ಉತ್ಪಾದನೆಗೆ ಪ್ರೋತ್ಸಾಹಧನ ಕೊಡುವ ₹6,238 ಕೋಟಿಯ ಯೋಜನೆ 2021ರಲ್ಲಿ ಬಂದಾಗ ಅದರಲ್ಲಿ ಸೇರಿದ್ದು ಏಸಿ ಮತ್ತು ಎಲ್‌ಇಡಿ ದೀಪಗಳು ಮಾತ್ರ. ಫ್ರಿಜ್ ಹೊರಗೇ ಉಳಿಯಿತು. ಸ್ವದೇಶಿ ಎಂಬ ಮಾತನ್ನು ಹೌದು–ಇಲ್ಲ ಎಂದು ತೀರ್ಮಾನಿಸುವುದಕ್ಕಿಂತ, ಎಷ್ಟು ಪಾಲು ಎಂದು ಕೇಳುವುದೇ ಸರಿ.

"ಹೊರಗಿನ ಫ್ರಿಜ್ ತರಿಸೂದು ಬಂದ್ ಮಾಡ್ಯಾರ"

ಈ ಮಾತಿನ ಮೂಲ 2020ರ ಅಕ್ಟೋಬರಿನ ಆದೇಶ. ಆಗ ಕೇಂದ್ರ ಸರ್ಕಾರ ನಿಷೇಧಿಸಿದ್ದು ಅನಿಲ ತುಂಬಿದ ಏಸಿಗಳ ಆಮದನ್ನು. ಫ್ರಿಜ್ಜಿಗೆ ಅಂಥ ನಿಷೇಧ ಬರಲಿಲ್ಲ. ಅದರ ಮೇಲೆ ಬಂದದ್ದು ಸುಂಕ. 2018ರ ಸೆಪ್ಟೆಂಬರ್ 27ರಿಂದ ಮನೆಬಳಕೆಯ ಫ್ರಿಜ್, ಏಸಿ, ಸಣ್ಣ ವಾಷಿಂಗ್ ಮಷಿನ್‌ಗಳ ಆಮದು ಸುಂಕವನ್ನು ಶೇ 10ರಿಂದ 20ಕ್ಕೆ ಏರಿಸಿದರು. ಹೊರಗೆ ಹೋಗುವ ಡಾಲರ್ ಉಳಿಸುವುದು ಆಗಿನ ಉದ್ದೇಶ. ಅತ್ಯಗತ್ಯವಲ್ಲದ ಸಾಮಾನುಗಳ ಪಟ್ಟಿಯಲ್ಲಿ ಫ್ರಿಜ್ಜೂ ಸೇರಿತ್ತು. ಮೇ ತಿಂಗಳಲ್ಲಿ ಬಾದಾಮಿಯ ಬಂಡೆಗಳ ನಡುವೆ ಹಾಲು ಕಾಯ್ದಿಟ್ಟುಕೊಳ್ಳುವವರನ್ನು ಕೇಳಿದ್ದರೆ ಪಟ್ಟಿ ಬೇರೆಯಾಗುತ್ತಿತ್ತೇನೋ.

ಆ ದರದಲ್ಲಿ ಲೆಕ್ಕ ಹೀಗೆ ಬೀಳುತ್ತದೆ. ಬಂದರಿನಲ್ಲಿ ₹100 ಬೆಲೆಯ ಸರಕಿಗೆ ಸುಂಕ ₹20. ಆ ಸುಂಕದ ಮೇಲೆ ಶೇ 10ರ ಸರ್ಚಾರ್ಜ್, ಅಂದರೆ ₹2. ಒಟ್ಟು ₹122ಕ್ಕೆ ಶೇ 18ರ ಜಿಎಸ್‌ಟಿ ಸೇರಿ ₹144ರ ಹತ್ತಿರ. ಜಿಎಸ್‌ಟಿ ಇಲ್ಲಿ ಮಾಡಿದ ಫ್ರಿಜ್ಜಿಗೂ ಇದೆ. ಉಳಿದ ₹22 ಮತ್ತು ಅದರ ಮೇಲಿನ ಜಿಎಸ್‌ಟಿ ಮಾತ್ರ ಹೊರಗಿನದಕ್ಕೆ ಬೀಳುವ ಹೆಚ್ಚಿನ ಭಾರ.

ಎಲ್ಲ ದೇಶಗಳಿಗೂ ಈ ಭಾರ ಒಂದೇ ಅಲ್ಲ. ಥಾಯ್ಲೆಂಡಿನಲ್ಲಿ ಜಪಾನಿ ಕಂಪನಿಗಳ ದೊಡ್ಡ ಫ್ರಿಜ್ ಕಾರ್ಖಾನೆಗಳು ಬಹಳ ಕಾಲದಿಂದ ಇವೆ. ಥಾಯ್ಲೆಂಡೂ ಸೇರಿದ ಆಗ್ನೇಯ ಏಷ್ಯಾದ ಆಸಿಯಾನ್ ದೇಶಗಳ ಜೊತೆ ನಮ್ಮ ಸರಕು ಒಪ್ಪಂದ 2010ರ ಜನವರಿ 1ರಿಂದ ಜಾರಿಯಲ್ಲಿದೆ. ಅದರಡಿ ಸುಂಕದಲ್ಲಿ ರಿಯಾಯಿತಿ ಕೇಳುವ ಸರಕು ನಿಜಕ್ಕೂ ಅಲ್ಲಿಯೇ ತಯಾರಾಗಿರಬೇಕು, ಬೆಲೆಯಲ್ಲಿ ಕನಿಷ್ಠ ಶೇ 35ರಷ್ಟು ಆ ದೇಶಗಳದೇ ಆಗಿರಬೇಕು. ಬೇರೆ ಕಡೆ ಮಾಡಿ ಅಲ್ಲಿಂದ ಬರೇ ಹಡಗು ಹತ್ತಿಸಿದರೆ ನಡೆಯುವುದಿಲ್ಲ. 2020ರ ಸೆಪ್ಟೆಂಬರಿನಿಂದ ಇದರ ದಾಖಲೆ ಇಟ್ಟುಕೊಳ್ಳುವ ಹೊಣೆ ಆಮದುದಾರನದೇ. ಕಡಲು ದಾಟಿ ಬಂದ ಫ್ರಿಜ್ ನೋಡಲೇಬೇಕೆಂದರೆ ದುಬಾರಿಯ, ದೊಡ್ಡ, ಅಕ್ಕಪಕ್ಕ ಬಾಗಿಲಿನ ಮಾದರಿಗಳ ನಡುವೆ ಹುಡುಕಬೇಕು. ಆಮದಾದ ಸರಕಿನ ಪೆಟ್ಟಿಗೆ ಮೇಲೆ ಮೂಲ ದೇಶ, ಆಮದು ಮಾಡಿಕೊಂಡವರ ಹೆಸರು, ವಿಳಾಸ ಇರಬೇಕೆಂಬುದು ಕಾನೂನು.

"ಚಲೋ ಮಾಲು ಹೊರಗ ಹೋಗ್ತದ, ನಮಗ ಉಳದದ್ದು"

ಇಳಕಲ್ ಕಡೆ ಈ ನಂಬಿಕೆ ಗಟ್ಟಿಯಾಗಿರುವುದರಲ್ಲಿ ಆಶ್ಚರ್ಯವಿಲ್ಲ. ಕಲ್ಲಿನಲ್ಲಿ ಬಿರುಕಿಲ್ಲದ, ಕಲೆಯಿಲ್ಲದ ದಿಮ್ಮಿಗೆ ಹೊರದೇಶದ ಗಿರಾಕಿ, ಉಳಿದದ್ದಕ್ಕೆ ಬೇರೆ ಗಿರಾಕಿ. ಕಲ್ಲು ನೆಲದಲ್ಲಿ ಹೇಗಿದೆಯೋ ಹಾಗೇ ಬರುತ್ತದೆ, ಆರಿಸಲೇಬೇಕು. ಫ್ರಿಜ್ ಹಾಗಲ್ಲ, ಅದು ಅಳತೆಗೆ ಮಾಡಿದ್ದು. ನಮ್ಮ ಕಾರ್ಖಾನೆಗಳಿಂದ ನೇಪಾಳ, ಶ್ರೀಲಂಕಾ, ಬಾಂಗ್ಲಾದೇಶಗಳಿಗೂ, ಪಶ್ಚಿಮ ಏಷ್ಯಾ, ಆಫ್ರಿಕಾಗಳಿಗೂ ಫ್ರಿಜ್ ಹೋಗುತ್ತವೆ. ಆಯಾ ದೇಶದ ಪ್ಲಗ್, ವೋಲ್ಟೇಜ್, ಚೀಟಿ, ಕಾನೂನಿಗೆ ತಕ್ಕಂತೆ ಮಾಡುತ್ತಾರೆ. ಬೇರೆ ಎನ್ನಬಹುದು, ಮೇಲು ಎನ್ನಲಾಗದು.

"ದುಬೈಯಿಂದ ತಂದದ್ದು ನೋಡ್ರಿ, ಜನ್ಮಾದಾಗ ಕೆಡಂಗಿಲ್ಲ"

ಇದಕ್ಕೆ ಸ್ವಲ್ಪ ನಿಂತು ಉತ್ತರಿಸಬೇಕು. ಹೊರದೇಶದಲ್ಲಿ ದುಡಿದು ಬಂದವರ ಮನೆಯ ಸಾಮಾನಿಗೆ ನಮ್ಮಲ್ಲಿ ಒಂದು ಗೌರವವಿದೆ, ಫ್ರಿಜ್ಜಿಗಂತೂ ಇನ್ನೂ ಹೆಚ್ಚು.

ಮೊದಲು ಕರೆಂಟು. ನಮ್ಮದು 230 ವೋಲ್ಟ್, 50 ಹರ್ಟ್ಜ್. ದುಬೈ, ಕುವೈತ್, ಒಮಾನ್‌ಗಳಲ್ಲಿಯೂ ಸುಮಾರು ಇದೇ, ಆದ್ದರಿಂದ ಅಲ್ಲಿಯದು ಇಲ್ಲಿ ನಡೆಯುತ್ತದೆ. ಸೌದಿ ಅರೇಬಿಯಾದ್ದು 60 ಹರ್ಟ್ಜ್. ಅಮೆರಿಕದ್ದು 120 ವೋಲ್ಟ್, 60 ಹರ್ಟ್ಜ್. ಟ್ರಾನ್ಸ್‌ಫಾರ್ಮರ್ ಹಾಕಿದರೆ ವೋಲ್ಟೇಜ್ ಸರಿಹೋಗುತ್ತದೆ, ಹರ್ಟ್ಜ್ ಬದಲಾಗುವುದಿಲ್ಲ. 60ಕ್ಕೆಂದು ಮಾಡಿದ ಸಾದಾ ಕಂಪ್ರೆಸರ್ 50ರಲ್ಲಿ ಆರನೇ ಒಂದು ಪಾಲು ನಿಧಾನ ತಿರುಗುತ್ತದೆ. ತಂಪು ಕಡಿಮೆ, ಬಿಸಿ ಜಾಸ್ತಿ.

ಆಮೇಲೆ ಹವೆ. ಫ್ರಿಜ್ಜಿನ ಒಳಬದಿಯಲ್ಲೋ ಬೆನ್ನ ಮೇಲೋ ಇರುವ ತಗಡಿನ ಚೀಟಿಯಲ್ಲಿ ಎಸ್‌ಎನ್, ಎನ್, ಎಸ್‌ಟಿ, ಟಿ ಎಂಬ ಅಕ್ಷರಗಳಲ್ಲಿ ಒಂದಿರುತ್ತದೆ. ಆ ಫ್ರಿಜ್ ಎಂಥ ಹವೆಗೆಂದು ಮಾಡಿದ್ದು ಎಂಬ ಅಂತರರಾಷ್ಟ್ರೀಯ ಗುರುತು ಅದು. ಎನ್ ಎಂದಿದ್ದರೆ ಸುತ್ತಲಿನ ಉಷ್ಣಾಂಶ 16ರಿಂದ 32 ಡಿಗ್ರಿಯವರೆಗೆ. ಎಸ್‌ಟಿಗೆ 38ರವರೆಗೆ. ಟಿ ಎಂದರೆ 43ರವರೆಗೆ. ಯುರೋಪಿನ ಅಡುಗೆಮನೆಗೆಂದು ಮಾಡಿದ ಎನ್ ವರ್ಗದ ಫ್ರಿಜ್ಜನ್ನು, ಅದು ಎಷ್ಟೇ ಗಟ್ಟಿಮುಟ್ಟಾಗಿರಲಿ, ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುವ ಬಾಗಲಕೋಟೆಯ ತಗಡಿನ ಮಾಳಿಗೆಯ ಕೆಳಗೆ ಇಟ್ಟರೆ ಹಗಲಿಡೀ ನಿಲ್ಲದೆ ಓಡುತ್ತದೆ. ಗುಣದ ದೋಷವಲ್ಲ ಅದು, ಊರು ತಪ್ಪಿದ್ದು. ಇಲ್ಲಿಯ ಬಿಸಿಲಿಗೆ ಟಿ ಅಕ್ಷರ ಬೇಕು. ಗೋಡೆಗೂ ಫ್ರಿಜ್ಜಿನ ಬೆನ್ನಿಗೂ ನಡುವೆ ಗಾಳಿಯಾಡಲು ಜಾಗವೂ ಬೇಕು.

ಪರದೇಶದವರ ಹಳೆಯ ಫ್ರಿಜ್ ಸಹ ನಮ್ಮ ಹೊಸದಕ್ಕಿಂತ ಚಲೋ ಎನ್ನುವವರು ಆಫ್ರಿಕಾದ ಘಾನಾ ದೇಶದ ಅನುಭವ ನೋಡಬೇಕು. ಯುರೋಪಿನಿಂದ ರಾಶಿಗಟ್ಟಲೆ ಬರುತ್ತಿದ್ದ ಬಳಸಿದ ಫ್ರಿಜ್‌ಗಳು ಕರೆಂಟು ನುಂಗುವುದನ್ನು ಕಂಡು ಆ ದೇಶ 2013ರಿಂದ ಅವುಗಳ ಆಮದನ್ನೇ ತಡೆಯಿತು.

"ವರ್ಷಕ್ಕೊಮ್ಮೆ ಗ್ಯಾಸ್ ತುಂಬಸಬೇಕು"

ಬೇಡ. ಫ್ರಿಜ್ಜಿನ ಅನಿಲ ಮುಚ್ಚಿದ ಕೊಳವೆಯೊಳಗೆ ಸುತ್ತುತ್ತಿರುತ್ತದೆ, ಸಿಲಿಂಡರಿನ ಗ್ಯಾಸಿನ ಹಾಗೆ ಖರ್ಚಾಗುವುದಿಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ ಎಂದರ್ಥ. ಸೋರುವ ಜಾಗ ಮುಚ್ಚದೆ ಮತ್ತೆ ತುಂಬಿಸುವುದು ದುಡ್ಡು ದಂಡ.

ಆ ಅನಿಲ ಯಾವುದು ಎಂಬುದನ್ನು ತೀರ್ಮಾನಿಸಿದ್ದು ದೇಶದೇಶಗಳ ಒಪ್ಪಂದಗಳು. ಹಳೆಯ ಫ್ರಿಜ್‌ಗಳಲ್ಲಿದ್ದ ಆರ್-12 ಓಝೋನ್ ಪದರವನ್ನು ಕೊರೆಯುತ್ತದೆಂದು 1987ರ ಮಾಂಟ್ರಿಯಲ್ ಒಪ್ಪಂದ ಅದಕ್ಕೆ ಗಡುವು ಹಾಕಿತು. ಭಾರತ 1992ರಲ್ಲಿ ಅದಕ್ಕೆ ಸೇರಿತು. 2010ರ ಹೊತ್ತಿಗೆ ಅಂಥ ಅನಿಲಗಳು ಇಲ್ಲಿ ನಿಂತವು. ಅದರ ಜಾಗಕ್ಕೆ ಬಂದ ಆರ್-134ಎ ಓಝೋನಿಗೆ ಕೈ ಹಚ್ಚುವುದಿಲ್ಲ, ಆದರೆ ಭೂಮಿ ಬಿಸಿ ಮಾಡುವುದರಲ್ಲಿ ಇಂಗಾಲದ ಡೈ ಆಕ್ಸೈಡಿನ ಸುಮಾರು 1,400 ಪಟ್ಟು. ಅದಕ್ಕೆ ಕಡಿವಾಣ ಹಾಕಿದ 2016ರ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಒಪ್ಪಿತು. ಈಗಿನ ಮನೆ ಫ್ರಿಜ್‌ಗಳಲ್ಲಿ ಹೆಚ್ಚಾಗಿ ಇರುವುದು ಆರ್-600ಎ, ಅಂದರೆ ಐಸೋಬ್ಯೂಟೇನ್. ಅದು ನಮ್ಮ ಅಡುಗೆ ಗ್ಯಾಸಿನ ದಾಯಾದಿಯೇ, ಬೆಂಕಿ ತಗುಲಿದರೆ ಉರಿಯುವಂಥದು. ಹೆದರಬೇಕಿಲ್ಲ, ಒಳಗಿರುವುದು ಕೆಲವು ಹತ್ತು ಗ್ರಾಂ ಮಾತ್ರ. ಹೆದರಬೇಕಾದ್ದು ಯಾವ ಅನಿಲ ಕೈಗೆ ಸಿಕ್ಕಿತೋ ಅದನ್ನೇ ತುಂಬುವ ರಿಪೇರಿಗೆ. ಒಂದಕ್ಕೆಂದು ಮಾಡಿದ ಕಂಪ್ರೆಸರಿಗೆ ಇನ್ನೊಂದನ್ನು ತುಂಬಿದರೆ ಒಳಗಿನ ಎಣ್ಣೆಯೂ ಒಗ್ಗುವುದಿಲ್ಲ, ಒತ್ತಡವೂ ಒಗ್ಗುವುದಿಲ್ಲ.

"ಸ್ಟಾರ್ ಜಾಸ್ತಿ ಇದ್ರ ಬರ್ಫ ಜಲ್ದಿ"

ಸ್ಟಾರ್ ಎರಡು ಬಗೆ. ಬಾಗಿಲ ಮೇಲೆ ಅಂಟಿಸಿರುವ ಬಿಇಇ ಚೀಟಿಯ ಸ್ಟಾರ್ ಕರೆಂಟು ಉಳಿತಾಯದ್ದು, ಭಾರತದ್ದು. ಅದರಲ್ಲಿ ವರ್ಷಕ್ಕೆ ಎಷ್ಟು ಯುನಿಟ್ ಎಂಬ ಅಂಕಿಯಿರುತ್ತದೆ, ನೋಡಬೇಕಾದ್ದು ಅದನ್ನು. ಫ್ರೀಜರ್ ಪೆಟ್ಟಿಗೆಯ ಬಾಗಿಲಲ್ಲಿ ಮೂಡಿಸಿರುವ ಸಣ್ಣ ನಕ್ಷತ್ರಗಳು ಜಗತ್ತಿನ ಬೇರೆ ಕಡೆಯೂ ನಡೆಯುವ ಗುರುತು: ಒಂದಕ್ಕೆ ಮೈನಸ್ 6 ಡಿಗ್ರಿ, ಎರಡಕ್ಕೆ ಮೈನಸ್ 12, ಮೂರಕ್ಕೆ ಮೈನಸ್ 18. ಬರ್ಫಕ್ಕೆ ಸಂಬಂಧ ಇದರದು. ಐದು ಸ್ಟಾರಿನ ಫ್ರಿಜ್ಜೊಳಗೆ ಒಂದೇ ನಕ್ಷತ್ರದ ಫ್ರೀಜರ್ ಇದ್ದರೆ ಐಸ್‌ಕ್ರೀಮ್ ಮೆತ್ತಗಾದೀತು.

"ಜಿಎಸ್‌ಟಿ ಇಳದೈತಿ, ಫ್ರಿಜ್ ಸೋವಿ ಆಗೈತಿ"

2025ರ ಸೆಪ್ಟೆಂಬರ್ 22ರಂದು ಶೇ 28ರಿಂದ 18ಕ್ಕೆ ಇಳಿದದ್ದು ಏಸಿ, 32 ಇಂಚಿಗಿಂತ ದೊಡ್ಡ ಟಿವಿ, ಪಾತ್ರೆ ತೊಳೆಯುವ ಯಂತ್ರಗಳ ತೆರಿಗೆ. ಫ್ರಿಜ್ಜಿಗೆ 2018ರ ಜುಲೈ 27ರಿಂದಲೇ ಶೇ 18 ಇದೆ, ಅದು ಆಗ ಬದಲಾಗಲಿಲ್ಲ. 2025ರ ದಸರೆಗೆ ಫ್ರಿಜ್ ಕಡಿಮೆಗೆ ಸಿಕ್ಕಿದ್ದರೆ ಅದು ಕಂಪನಿಯದೋ ಅಂಗಡಿಯದೋ ಹಬ್ಬದ ರಿಯಾಯಿತಿ. "ಟ್ಯಾಕ್ಸ್ ಕಡಿಮಿ ಆಗೇದ, ಇನ್ನಷ್ಟು ಬಿಡ್ರಿ" ಎಂದು ಕೇಳಿದವರಿಗೆ ಅಂಗಡಿಯವರು ಸುಮ್ಮನೆ ನಕ್ಕಿದ್ದರೆ ಕಾರಣ ಇದು. ಆದರೂ ಚೌಕಾಸಿ ಬಿಡಬೇಕಿಲ್ಲ. ಪೆಟ್ಟಿಗೆಯ ಮೇಲೆ ಅಚ್ಚಾಗಿರುವುದು ಗರಿಷ್ಠ ಬೆಲೆ, ಅದಕ್ಕಿಂತ ಎಷ್ಟು ಇಳಿದು ಮಾರಿದರೂ ಕಾನೂನಿನ ಅಡ್ಡಿಯಿಲ್ಲ.