ಮಿಷನ್‌ಗೆ ಸರ್ವಿಸ್ ಮಾಡಿಸ್ತೀವಿ, ಮೈಗೆ?

ಹೋದ ವರ್ಷ ಸೆಪ್ಟೆಂಬರ್‌ನಲ್ಲಿ ಮಳೆ ಬಿಡುವು ಕೊಟ್ಟಾಗ ನಮ್ಮ ಅರಸೀಕೆರೆ ಕಡೆಯ ತೆಂಗಿನ ತೋಟದಲ್ಲಿ ಕಳೆ ಮೊಣಕಾಲು ಮುಟ್ಟಿತ್ತು. ಸಾವಯವ ತೋಟ, ಕಳೆನಾಶಕ ಹೊಡೆಯೋ ಮಾತೇ ಇಲ್ಲ. ಆಳು ಸಿಗಲಿಲ್ಲ. ಬ್ರಷ್ ಕಟ್ಟರ್ ಹೆಗಲಿಗೆ ಹಾಕ್ಕೊಂಡು ಮೂರು ದಿನ, ದಿನಕ್ಕೆ ಆರು ಗಂಟೆ ಕೊಚ್ಚಿದೆ. ಮೂರನೇ ದಿನ ಸಂಜೆ ಅವ್ವ ಕಾಫಿ ಕೊಟ್ಟಾಗ ಬೆರಳಿಗೆ ಹಿಡಿತವೇ ಸಿಗದೆ ಲೋಟ ಕೆಳಗೆ ಬಿತ್ತು. "ಆವಾಗಿಂದ ಎಷ್ಟು ಸಲ ಕೂಗೋದು ನಿನ್ನ, ಕಿವಿ ಕೇಳಲ್ವಾ?" ಅಂದಳು. ನಿಜವಾಗ್ಲೂ ಕೇಳಿರಲಿಲ್ಲ.

ನನ್ನದು ಎರಡು ದಿನ ವಿಶ್ರಾಂತಿ ತಗೊಂಡ ಮೇಲೆ ಸರಿಹೋಯ್ತು. ನಮ್ಮೂರಿನ ಒಬ್ಬ ಹುಡುಗನದ್ದು ಸರಿಹೋಗಲಿಲ್ಲ. ಕನ್ನಡಕ ಹಾಕದೆ ಬದು ಕೊಚ್ಚುವಾಗ ಹುಲ್ಲಿನೊಳಗಿದ್ದ ಹಳೇ ಬೇಲಿ ತಂತಿಯ ಚೂರು ಹಾರಿ ಕಣ್ಣಿಗೆ ಬಡೀತು. ಆಪರೇಷನ್ ಆದ್ರೂ ಆ ಕಣ್ಣಲ್ಲಿ ಈಗ ಬೆಳಕು ಮಾತ್ರ ಗೊತ್ತಾಗುತ್ತೆ. ವಯಸ್ಸು ಇಪ್ಪತ್ನಾಲ್ಕು.

ಅದಕ್ಕೇ ಈ ವಾರ ಬೆಳೆ ಬಗ್ಗೆ ಬರೀತಿಲ್ಲ, ಬೆಳೆಯೋರ ಮೈ ಬಗ್ಗೆ ಬರೀತಿದ್ದೀನಿ. ಅರಸೀಕೆರೆ ತೆಂಗಿನ ತೋಟ, ಹಳೇಬೀಡಿನ ಆಲೂಗಡ್ಡೆ–ಶುಂಠಿ ಹೊಲ, ಬೇಲೂರಿನ ಕಾಫಿ–ಮೆಣಸಿನ ತೋಟ, ಎಲ್ಲಾ ಕಡೆ ಆಳಿನ ಜಾಗಕ್ಕೆ ಮಿಷನ್ ಬಂದಿದೆ. ಒಳ್ಳೇದೇ. ಆದ್ರೆ ಮಿಷನ್ ತರೋವಾಗ ಅದರ ಜೊತೆ ತರಬೇಕಾದ ಸಾಮಾನು ಮಾತ್ರ ಅಂಗಡಿಯಲ್ಲೇ ಉಳಿದುಬಿಡುತ್ತೆ.

ಬ್ರಷ್ ಕಟ್ಟರ್: ಕಣ್ಣು, ಕಿವಿ, ಬೆರಳು

ಕಿವಿಯ ಲೆಕ್ಕ ಮೊದಲು ನೋಡೋಣ. 85 ಡೆಸಿಬಲ್ ಸದ್ದನ್ನ ದಿನಕ್ಕೆ 8 ಗಂಟೆವರೆಗೂ ತಡೀಬಹುದು ಅಂತ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ ಹೇಳುತ್ತೆ. ಅದರ ಮೇಲೆ ಪ್ರತಿ 3 ಡೆಸಿಬಲ್‌ಗೆ ಸಮಯ ಅರ್ಧ ಆಗ್ತಾ ಹೋಗುತ್ತೆ. 88ಕ್ಕೆ 4 ಗಂಟೆ, 94ಕ್ಕೆ 1 ಗಂಟೆ, 100ಕ್ಕೆ ಬರೀ 15 ನಿಮಿಷ. ಪೆಟ್ರೋಲ್ ಕಟ್ಟರ್ ಸುಲಭವಾಗಿ 90 ದಾಟುತ್ತೆ. ಫೋನಿನಲ್ಲಿ ಸದ್ದು ಅಳೆಯೋ ಆ್ಯಪ್ ಹಾಕ್ಕೊಂಡು ಅಂದಾಜು ನೋಡಿ. ಅದೂ ಬೇಡ ಅಂದ್ರೆ ಒಂದು ಮಾರು ದೂರದಲ್ಲಿ ನಿಂತವರ ಜೊತೆ ಕೂಗಿಕೊಂಡೇ ಮಾತಾಡ್ಬೇಕು ಅಂತಾದ್ರೆ ಕಿವಿಗೆ ಮಫ್ ಬೇಕು ಅಂತಲೇ ಅರ್ಥ. ಸದ್ದು ಮರೆಯೋಕೆ ಇಯರ್‌ಫೋನ್ ಹಾಕಿ ಹಾಡು ಕೇಳ್ತೀರಾ? ಅದು ಸದ್ದಿನ ಮೇಲೆ ಇನ್ನೊಂದು ಸದ್ದು.

ಬೆರಳಿನ ತೊಂದರೆ ನಡುಕದಿಂದ ಬರೋದು. ಹಿಡಿಯ ಅದುರು ವರ್ಷಗಟ್ಟಲೆ ಕೈಗೆ ಬಿದ್ರೆ ನರ, ರಕ್ತನಾಳ ಎರಡೂ ಕೆಡುತ್ತೆ. ಮೊದಲು ಜೋಮು, ಆಮೇಲೆ ಚಳಿಗಾಲದ ಬೆಳಿಗ್ಗೆ ಬೆರಳ ತುದಿ ಬಿಳುಚಿಕೊಳ್ಳೋದು, ಕೊನೆಗೆ ಅಂಗಿ ಗುಂಡಿ ಹಾಕೋಕೂ ಕಷ್ಟ. ಶುರುವಿನಲ್ಲೇ ಬಿಟ್ರೆ ತಡೀಬಹುದು, ಮುಂದುವರಿದ ಮೇಲೆ ಪೂರ್ತಿ ವಾಸಿಯಾಗೋದು ಕಷ್ಟ.

ನಾನು ಈಗ ಪಾಲಿಸ್ತಿರೋದು:

- 20–25 ನಿಮಿಷ ಕೊಚ್ಚಿ 10 ನಿಮಿಷ ಬಿಡುವು. ಫೋನಲ್ಲಿ ಅಲಾರಂ. ದಿನಕ್ಕೆ ಒಟ್ಟು ಎರಡು ಗಂಟೆ ದಾಟಿಸಲ್ಲ, ಉಳಿದದ್ದು ನಾಳೆಗೆ.
- ಹಿಡಿಯನ್ನ ಬಿಗಿಯಾಗಿ ಹಿಸುಕೋದಿಲ್ಲ. ಭಾರ ಎರಡೂ ಹೆಗಲಿನ ಬೆಲ್ಟ್ ಮೇಲೆ ಇರ್ಬೇಕು.
- ಬ್ಲೇಡ್ ಮೊಂಡಾಗಿದ್ರೆ, ಸೊಟ್ಟಗಿದ್ರೆ ಅದುರು ಹೆಚ್ಚು. ಸಾಣೆ ಹಿಡಿಸಿ ಅಥವಾ ಬದಲಾಯಿಸಿ.
- ಮುಖಕ್ಕೆ ಶೀಲ್ಡ್, ಅದರೊಳಗೆ ಕನ್ನಡಕ, ಕಾಲಿಗೆ ಗಮ್‌ಬೂಟು.
- ಕೊಚ್ಚೋ ಮುಂಚೆ ಒಂದು ಸುತ್ತು ನಡೆದು ಕಲ್ಲು, ತಂತಿ, ಬಾಟಲಿ ಆರಿಸಿ. 50 ಅಡಿಯೊಳಗೆ ಮಕ್ಕಳು, ದನ ಯಾರೂ ಇರಬಾರದು.

ಇನ್ನೂ ಒಂದು ಮಾತು. ತೋಟದಲ್ಲಿ ಅಷ್ಟೂ ಕಳೆ ಬೋಳಿಸಲೇಬೇಕು ಅಂತೇನಿಲ್ಲ. ನಾನು ಬುಡದ ಸುತ್ತ ಮಾತ್ರ ಕೊಚ್ಚಿ, ನಡುವಿನ ಸಾಲಿಗೆ ಹುರುಳಿ, ಅಲಸಂದೆ ಚೆಲ್ಲಿದೆ. ಮಿಷನ್ ಓಡೋ ಸಮಯ ಅರ್ಧಕ್ಕಿಳೀತು, ಮಣ್ಣಿಗೂ ಒಳ್ಳೇದಾಯ್ತು.

ಬ್ಯಾಟರಿ ಪಂಪು, ಡ್ರೋನು

ಹಳೇಬೀಡು ಕಡೆ ಆಲೂಗಡ್ಡೆಗೆ ಅಂಗಮಾರಿ ಬಂತು ಅಂದ್ರೆ ದಿನಗಟ್ಟಲೆ ಬೆನ್ನಿಂದ ಪಂಪು ಇಳಿಯಲ್ಲ. 16 ಲೀಟರ್ ಟ್ಯಾಂಕು ತುಂಬಿದ್ರೆ ಪಂಪಿನ ತೂಕ ಸೇರಿ 20 ಕೆಜಿ ದಾಟುತ್ತೆ. 10–12 ಲೀಟರ್ ಮಾತ್ರ ತುಂಬಿ. ನೆಲದಿಂದ ಬಗ್ಗಿ ಎತ್ತಬೇಡಿ, ಜಗಲಿ ಅಥವಾ ಟ್ರಾಲಿ ಮೇಲಿಟ್ಟು ಬೆನ್ನಿಗೇರಿಸಿಕೊಳ್ಳಿ.

ಬೆನ್ನಿಗಿಂತ ದೊಡ್ಡ ಅಪಾಯ ಇನ್ನೊಂದಿದೆ. 2017ರಲ್ಲಿ ಮಹಾರಾಷ್ಟ್ರದ ಯವತ್‌ಮಾಳ್ ಜಿಲ್ಲೆಯಲ್ಲಿ ಹತ್ತಿಗೆ ಔಷಧಿ ಹೊಡೆಯುವಾಗ ವಿಷವೇರಿ 20ಕ್ಕೂ ಹೆಚ್ಚು ಜನ ಸತ್ತರು, ನೂರಾರು ಜನ ಆಸ್ಪತ್ರೆ ಸೇರಿದರು. ಆ ವರ್ಷ ಹತ್ತಿ ಗಿಡ ಎತ್ತರಕ್ಕೆ ಬೆಳೆದಿತ್ತು, ಹಲವು ಔಷಧಿ ಬೆರೆಸಿ ಹೊಡೆದಿದ್ದರು, ಜೊತೆಗೆ ಜೋರಾಗಿ ಹೊಗೆಯಂತೆ ಚಿಮ್ಮಿಸೋ ಹೊಸ ಪಂಪುಗಳ ಮೇಲೂ ಬೊಟ್ಟು ಮಾಡಿದರು. ಹನಿ ಸಣ್ಣದಾದಷ್ಟೂ ಗಾಳಿಯಲ್ಲಿ ಹೆಚ್ಚು ಹೊತ್ತು ತೇಲುತ್ತೆ, ಉಸಿರಿಗೆ ಸೇರುತ್ತೆ. ಎದೆಮಟ್ಟ ಬೆಳೆದ ಜೋಳದೊಳಗೆ ನುಗ್ಗಿ ಹೊಡೆಯೋರು ಇದನ್ನ ನೆನಪಿಟ್ಕೊಳ್ಳಿ.

ಡ್ರೋನ್ ಬಂದ್ರೆ ಈ ತಾಪತ್ರಯ ತಪ್ಪುತ್ತಾ? ಅರ್ಧ ತಪ್ಪುತ್ತೆ. ಕೇಂದ್ರ ಸರ್ಕಾರ 2023ರ ನವೆಂಬರ್‌ನಲ್ಲಿ ಒಪ್ಪಿದ ಡ್ರೋನ್ ದೀದಿ ಯೋಜನೆಯಲ್ಲಿ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡೋ ಗುರಿ ಇತ್ತು. ಹೊಲದೊಳಗೆ ನಡೆಯೋದೇ ಬೇಡ, ಎಕರೆ ಹತ್ತೇ ನಿಮಿಷದಲ್ಲಿ ಮುಗಿಯುತ್ತೆ. ಆದ್ರೆ ಕೈಪಂಪಿನಲ್ಲಿ ಎಕರೆಗೆ 150–200 ಲೀಟರ್ ನೀರು ಹೋಗೋ ಕಡೆ ಡ್ರೋನ್‌ನಲ್ಲಿ ಸುಮಾರು 10 ಲೀಟರ್ ಹೋಗುತ್ತೆ. ಅಂದ್ರೆ ಬೆರೆಸೋ ದ್ರಾವಣ ಅಷ್ಟು ಗಟ್ಟಿ. ಹೊಡೆಯೋನು ಬಚಾವಾದ, ಬೆರೆಸೋನಿಗೆ ಅಪಾಯ ಜಾಸ್ತಿಯಾಯ್ತು. ಗ್ಲೌಸ್, ಕನ್ನಡಕ, ಮಾಸ್ಕ್ ಮೊದಲು ಬೇಕಾಗಿರೋದು ಅವನಿಗೆ. ಪಕ್ಕದ ಹೊಲದವರಿಗೂ ಹಿಂದಿನ ದಿನವೇ ಫೋನ್ ಮಾಡಿ ಹೇಳಿ. ನನ್ನಂಥ ಸಾವಯವದವನ ತೋಟ ಪಕ್ಕದಲ್ಲಿದ್ರೆ ಇನ್ನೂ ಮುಖ್ಯ.

ಔಷಧಿ ಡಬ್ಬಿ ಮೇಲಿನ ಬಣ್ಣ ನೋಡಿ ತಗೊಳ್ಳಿ. ಕೆಂಪು ಅತಿ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ, ಹಸಿರು. ತಲೆಸುತ್ತು, ವಾಂತಿ, ಕಣ್ಣು ಮಂಜಾದ್ರೆ ತಕ್ಷಣ ಗಾಳಿಯಾಡೋ ಕಡೆ ಬಂದು, ಬಟ್ಟೆ ಬಿಚ್ಚಿ, ಸೋಪು ಹಾಕಿ ಮೈ ತೊಳೆದು 108ಕ್ಕೆ ಕರೆ ಮಾಡಿ. ಡಬ್ಬಿಯನ್ನ ಆಸ್ಪತ್ರೆಗೆ ಒಯ್ಯಿರಿ, ಇಲ್ಲಾ ಅದರ ಚೀಟಿಯ ಫೋಟೋ ಫೋನಲ್ಲಿರಲಿ.

"ನಾವು ಸಾವಯವದವರು, ನಮಗೇನು?" ಅನ್ನೋರಿಗೂ ಒಂದು ಮಾತು. ಬೇಲೂರು ಕಡೆ ಮೆಣಸಿಗೆ ಹೊಡೆಯೋ ಶೇಕಡಾ 1ರ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಇರುತ್ತೆ. ತಲೆ ಎತ್ತಿ ಬಳ್ಳಿಗೆ ಹೊಡೆಯುವಾಗ ಅದು ಬೀಳೋದು ನಮ್ಮ ಕಣ್ಣಿಗೇ.

ಮರದ ಮೇಲೆ, ತಂತಿಯ ಕೆಳಗೆ

ತೆಂಗಿನ ಮರ ಹತ್ತೋರು ಕಮ್ಮಿಯಾಗಿದ್ದಾರೆ. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ 'ತೆಂಗಿನ ಮರದ ಗೆಳೆಯರು' ತರಬೇತಿ ಶುರು ಮಾಡಿ, ಯುವಕರಿಗೆ ಕಾಲಲ್ಲಿ ತುಳಿದು ಹತ್ತೋ ಯಂತ್ರ ಕಲಿಸ್ತಾ ಬಂದಿದೆ. ಮರ ಹತ್ತೋರಿಗೆ ಅಂತಲೇ ಮಂಡಳಿಯ 'ಕೇರ ಸುರಕ್ಷಾ' ಅಪಘಾತ ವಿಮೆಯೂ ಇದೆ. ನಿಮ್ಮ ತೋಟಕ್ಕೆ ಬರೋರ ಹತ್ತಿರ ವಿಮೆ ಇದೆಯಾ ಕೇಳಿ. ಸೊಂಟದ ಬೆಲ್ಟ್ ಇಲ್ಲದೆ ಹತ್ತಿಸಬೇಡಿ.

ಈಗ ಅಡಿಕೆ ತೋಟಗಳಲ್ಲಿ ಕಾರ್ಬನ್ ಫೈಬರ್ ದೋಟಿ ಬಂದಿದೆ. ಹಗುರ, ನೆಲದಲ್ಲೇ ನಿಂತು ಕೊಯ್ಯಬಹುದು. ಆದ್ರೆ ಬಹಳ ಜನ ಅದನ್ನ ಪ್ಲಾಸ್ಟಿಕ್ ಅಂದ್ಕೊಂಡಿದ್ದಾರೆ. ಕಾರ್ಬನ್ ಫೈಬರ್‌ನಲ್ಲೂ ಅಲ್ಯೂಮಿನಿಯಂನಂತೆ ಕರೆಂಟ್ ಹರಿಯುತ್ತೆ. ತೋಟದ ಮೇಲೆ ಲೈನ್ ಹಾದಿದ್ರೆ ಆ ಸಾಲಿನಲ್ಲಿ ದೋಟಿ ಎತ್ತಲೇಬೇಡಿ.

ನಿದ್ದೆ ಉಳಿಸಿದ ಮಿಷನ್

ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಒಳ್ಳೆ ಯಂತ್ರ ಮೊಬೈಲ್ ಸ್ಟಾರ್ಟರ್. ತ್ರೀಫೇಸ್ ರಾತ್ರಿ ಎರಡು ಗಂಟೆಗೆ ಬಂದ್ರೆ ನಮ್ಮಪ್ಪ ಟಾರ್ಚ್ ಹಿಡಿದು ಬೋರ್‌ವೆಲ್ ಹತ್ರ ಹೋಗೋರು. ದಾರಿಯಲ್ಲಿ ಹಾವು, ಬೇಲೂರು ಕಡೆ ಆನೆ. ಈಗ ಹಾಸಿಗೆಯಲ್ಲೇ ಮೋಟರ್ ಆನ್ ಆಗುತ್ತೆ, ಅಪ್ಪನ ಬಿಪಿಯೂ ಹತೋಟಿಗೆ ಬಂದಿದೆ. ಎಚ್ಚರ ಒಂದೇ: ಮೋಟರ್ ರಿಪೇರಿಗೆ ಕೈ ಹಾಕೋ ಮುಂಚೆ ಮೇನ್ ಆಫ್ ಮಾಡಿ ಫ್ಯೂಸ್ ಕಿತ್ತು ಜೇಬಿಗೆ ಹಾಕ್ಕೊಳ್ಳಿ. ಮನೆಯಲ್ಲಿ ಯಾರೋ ಫೋನ್ ಒತ್ತಿದ್ರೂ ಅದು ತಿರುಗುತ್ತೆ.

ಹಾಗೆ ಉಳಿದ ನಿದ್ದೆಯನ್ನ ರೀಲ್ಸ್ ನೋಡ್ತಾ ಕಳೆದ್ರೆ ಲಾಭವೇನು? ಬೇಲೂರಿನ ದರ್ಪಣ ಸುಂದರಿ ಕನ್ನಡಿ ಹಿಡಿದು ಸುಮಾರು 900 ವರ್ಷದಿಂದ ಹಾಗೇ ನಿಂತಿದ್ದಾಳೆ, ಅವಳು ಕಲ್ಲು, ಕತ್ತು ನೋಯಲ್ಲ. ನಮ್ಮದು ನೋಯುತ್ತೆ.

ಈ ವಾರ ಮಾಡಿ

1. ಒಂದು ಕನ್ನಡಕ, ಒಂದು ಇಯರ್ ಮಫ್ ತಗೊಳ್ಳಿ. ಬೈಕಿಗೆ ಒಂದು ಸಲ ಟ್ಯಾಂಕ್ ತುಂಬಿಸೋ ದುಡ್ಡಿನೊಳಗೆ ಎರಡೂ ಬರುತ್ತೆ. ಮಿಷನ್ ಹಿಡಿಗೇ ನೇತುಹಾಕಿ, ಹುಡುಕೋ ಹಾಗಿರಬಾರದು.
2. ಬಿಸಿಲಿನ ಕೆಲಸವನ್ನ ಬೆಳಿಗ್ಗೆ 11ರೊಳಗೆ, ಇಲ್ಲಾ ಸಂಜೆ 4ರ ಮೇಲೆ ಇಟ್ಕೊಳ್ಳಿ. ಉಪ್ಪು ಹಾಕಿದ ಮಜ್ಜಿಗೆ ಹೊಲಕ್ಕೇ ಒಯ್ಯಿರಿ.
3. ನಿಮ್ಮ ತೋಟದಲ್ಲಿ ಕೂಲಿಗೆ ಮಿಷನ್ ಹಿಡಿಯೋರಿಗೂ ಇವೇ ಸಾಮಾನು ಕೊಡಿ. ಆ ಹುಡುಗ ಕೊಚ್ಚುತ್ತಿದ್ದ ಬದು ಅವನದಾಗಿರಲಿಲ್ಲ, ನಮ್ಮದು. ನಾನು ಕನ್ನಡಕ ಕೊಟ್ಟಿರಲಿಲ್ಲ.

ಈಗ ನಮ್ಮ ಮನೆಯಲ್ಲಿ ಎರಡು ಜೊತೆ ಇವೆ. ಒಂದು ನನಗೆ, ಇನ್ನೊಂದು ಯಾರು ಕೆಲಸಕ್ಕೆ ಬರ್ತಾರೋ ಅವರಿಗೆ.